ಜಗುಲಿ ದಾಟಿ ಒಳಮನೆಗೆ: ಕಂಪ್ಯೂಟ್ ನೋಡ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇವೆ. ಊರಲ್ಲಿ ಕೂತು, ದೂರದ ಹಂಚಿಕೆಯ ಕ್ಲಸ್ಟರಿನ (ಹಲವರು ಹಂಚಿಕೊಂಡು ಬಳಸುವ ಯಂತ್ರಗಳ ಗುಂಪಿನ), ಲೆಕ್ಕದ ಕೆಲಸ ನಡೆಯುವ ಯಂತ್ರದ, ಅಂದರೆ ಕಂಪ್ಯೂಟ್ ನೋಡ್‌ ಒಳಗೆ ಹೋಗುವುದು ಹೇಗೆ? ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ. ‘ಕ್ಲಸ್ಟರ್’, ‘ಸಿಎನ್017’ ಇವು ಉದಾಹರಣೆಯ ಹೆಸರು, ನಿಮ್ಮಲ್ಲಿ ಇರುವುದನ್ನು ಹಾಕಿಕೊಳ್ಳಿ. ಎಸ್‌ಎಸ್‌ಎಚ್ ಅಂದರೆ ದೂರದ ಯಂತ್ರಕ್ಕೆ ಟರ್ಮಿನಲ್ ಮೂಲಕ ಲಾಗಿನ್ ಆಗುವ ಆಜ್ಞೆ.

ಪ್ರಶ್ನೆ: ಉಪಗ್ರಹ ಚಿತ್ರಗಳಿಂದ ಕಾಡಿನ ಹೊದಿಕೆ ಲೆಕ್ಕ ಹಾಕುವ ಪ್ರಾಜೆಕ್ಟ್ ನನ್ನದು. ಬೆಂಗಳೂರಿನ ಒಂದು ಕ್ಲಸ್ಟರಿನಲ್ಲಿ ಖಾತೆ ಸಿಕ್ಕಿದೆ. ಲ್ಯಾಪ್‌ಟಾಪಿನಿಂದ ಲಾಗಿನ್ ಸರಿಯಾಗಿ ಆಗುತ್ತದೆ. ಅಲ್ಲಿಂದ ‘ಎಸ್‌ಎಸ್‌ಎಚ್ ಸಿಎನ್017’ ಹೊಡೆದರೆ ‘ಆಕ್ಸೆಸ್ ಡಿನೈಡ್, ಯು ಹ್ಯಾವ್ ನೋ ಆಕ್ಟಿವ್ ಜಾಬ್ಸ್ ಆನ್ ದಿಸ್ ನೋಡ್’ ಎಂದು ಹೊರಗೆ ಹಾಕುತ್ತದೆ. ಪಾಸ್‌ವರ್ಡ್ ಬದಲಿಸಿದರೂ ಅಷ್ಟೇ. — ಅರಣ್ಯಶಾಸ್ತ್ರ ವಿದ್ಯಾರ್ಥಿ, ಶಿರಸಿ

ಉತ್ತರ: ಪಾಸ್‌ವರ್ಡಿನ ತಪ್ಪಲ್ಲ, ಅದನ್ನು ಬಿಟ್ಟುಬಿಡಿ. ಸಂದೇಶ ಇದ್ದದ್ದನ್ನೇ ಹೇಳುತ್ತಿದೆ: ಸಿಎನ್017ರಲ್ಲಿ ಈಗ ನಿಮ್ಮ ಹೆಸರಿನ ಜಾಬ್ (ಓಡಿಸಲು ಒಪ್ಪಿಸಿದ ಕೆಲಸ) ಇಲ್ಲ.

ನಮ್ಮ ಕಡೆಯ ಹಳೆ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಲಾಗಿನ್ ನೋಡ್ ಅಂದರೆ ಜಗುಲಿ. ಖಾತೆ ಇದ್ದವರೆಲ್ಲ ಬಂದು ಕೂರಬಹುದು, ಕವಳ ಹಾಕಬಹುದು, ಫೈಲ್ ತಿದ್ದಬಹುದು, ಜಾಬ್ ಕಳಿಸಬಹುದು. ಒಳಮನೆಗೆ ಹೋಗಬೇಕಾದರೆ ಯಜಮಾನ ಕರೆಯಬೇಕು. ಇಲ್ಲಿ ಯಜಮಾನ ಸ್ಲರ್ಮ್ ಎಂಬ ಶೆಡ್ಯೂಲರ್, ಅಂದರೆ ಯಾರ ಜಾಬ್ ಯಾವಾಗ, ಎಲ್ಲಿ ಓಡಬೇಕೆಂದು ಹಂಚುವ ತಂತ್ರಾಂಶ. ಕಂಪ್ಯೂಟ್ ನೋಡ್‌ನ ಬಾಗಿಲಲ್ಲಿ ‘ಪ್ಯಾಮ್_ಸ್ಲರ್ಮ್_ಅಡಾಪ್ಟ್’ ಎಂಬ ಮಾಡ್ಯೂಲ್ ಕಾವಲಿಗೆ ಇರುತ್ತದೆ. ನೀವು ಎಸ್‌ಎಸ್‌ಎಚ್ ಮಾಡಿದ ಕೂಡಲೇ ಅದು, ಇವರ ಜಾಬ್ ಈ ನೋಡ್‌ನಲ್ಲಿ ಓಡುತ್ತಿದೆಯೇ ಎಂದು ನೋಡುತ್ತದೆ. ಇದ್ದರೆ ನಿಮ್ಮ ಎಸ್‌ಎಸ್‌ಎಚ್ ಸೆಷನ್ನನ್ನು ಆ ಜಾಬಿನ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ವಾಪಸ್ ಕಳಿಸುತ್ತದೆ. ಹಾಗೆ ಸೇರಿಸಿಕೊಂಡದ್ದಕ್ಕೆ ಎರಡು ಪರಿಣಾಮ ಇವೆ. ನೀವು ಎಸ್‌ಎಸ್‌ಎಚ್ ಮೂಲಕ ಓಡಿಸಿದ್ದೂ ಜಾಬಿಗೆ ಕೊಟ್ಟ ಮೆಮೊರಿಯಲ್ಲೇ ಬದುಕಬೇಕು. ಜಾಬ್ ಮುಗಿದ ಕ್ಷಣ ನಿಮ್ಮ ಸೆಷನ್ನೂ ಮುಗಿಯುತ್ತದೆ, ಅರ್ಧ ಟೈಪ್ ಮಾಡಿದ ಸಾಲಿನ ಸಮೇತ.

ಆದ್ದರಿಂದ ಮೊದಲು ಜಾಬ್, ಆಮೇಲೆ ಬಾಗಿಲು. ಲಾಗಿನ್ ನೋಡ್‌ನಲ್ಲಿ ‘ಎಸ್‌ಇನ್ಫೋ’ ಹೊಡೆದರೆ ಪಾರ್ಟಿಷನ್‌ಗಳ (ನೋಡ್‌ಗಳ ಗುಂಪುಗಳ) ಹೆಸರು ಮತ್ತು ಪ್ರತಿಯೊಂದರ ಸಮಯದ ಮಿತಿ ಕಾಣುತ್ತದೆ. ಆಮೇಲೆ ಹೀಗೆ ಕೇಳಿ:

ಎಸ್‌ರನ್ --ಪಾರ್ಟಿಷನ್=ಹೆಸರು --ನೋಡ್ಸ್=1 --ಎನ್‌ಟಾಸ್ಕ್ಸ್=1 --ಸಿಪಿಯುಸ್-ಪರ್-ಟಾಸ್ಕ್=4 --ಮೆಮ್=8ಜಿ --ಟೈಮ್=02:00:00 --ಪಿಟಿವೈ ಬ್ಯಾಶ್

8ಜಿಯಲ್ಲಿ ಜಿ ದೊಡ್ಡಕ್ಷರ. ಸರದಿ ಬಂದ ಮೇಲೆ ಪ್ರಾಂಪ್ಟ್ ಬದಲಾಗುತ್ತದೆ. ‘ಹೋಸ್ಟ್‌ನೇಮ್’ ಹೊಡೆದು ಎಲ್ಲಿದ್ದೀರಿ ಎಂದು ಖಾತ್ರಿ ಮಾಡಿಕೊಳ್ಳಿ. ಇದನ್ನು ಯಾಕೆ ಒತ್ತಿ ಹೇಳುತ್ತೇವೆ ಅಂದರೆ, ಎಸ್‌ರನ್ ಬದಲು ‘ಎಸ್‌ಅಲೋಕ್’ ಬಳಸಿದಾಗ ಕೆಲವು ಕ್ಲಸ್ಟರಿನಲ್ಲಿ ಶೆಲ್ ನೇರ ಕಂಪ್ಯೂಟ್ ನೋಡ್‌ನಲ್ಲಿ ತೆರೆಯುತ್ತದೆ, ಕೆಲವದರಲ್ಲಿ ನೋಡ್ ಸಿಕ್ಕರೂ ಶೆಲ್ ಮಾತ್ರ ಲಾಗಿನ್ ನೋಡ್‌ನಲ್ಲೇ ಉಳಿಯುತ್ತದೆ. ಅದು ಆಡಳಿತದವರು ಇಟ್ಟ ಸೆಟ್ಟಿಂಗ್. ಗೊತ್ತಿಲ್ಲದೆ ಅಲ್ಲೇ ಪ್ರೋಗ್ರಾಮ್ ಓಡಿಸಿದರೆ ಜಗುಲಿಯಲ್ಲಿ ಒಲೆ ಹೂಡಿದ ಹಾಗೆ: ಹೊಗೆ ಎಲ್ಲರಿಗೂ, ಬೈಗುಳ ನಿಮಗೆ.

ಸರದಿಯಲ್ಲಿ ನಿಂತೇ ಇದ್ದರೆ ‘ಎಸ್‌ಕ್ಯೂ --ಮಿ’ (ಇಂಗ್ಲಿಷಿನಲ್ಲಿ squeue --me) ಹೊಡೆದು ಕೊನೆಯ ಕಾಲಂ ಓದಿ. ‘ರಿಸೋರ್ಸಸ್’ ಅಂದರೆ ನೋಡ್ ಖಾಲಿಯಾಗಲಿ ಎಂದು ಕಾಯುತ್ತಿದೆ. ‘ಪ್ರಯಾರಿಟಿ’ ಅಂದರೆ ನಿಮಗಿಂತ ಮುಂದೆ ಬೇರೆಯವರಿದ್ದಾರೆ. ‘ಪಾರ್ಟಿಷನ್‌ಟೈಮ್‌ಲಿಮಿಟ್’ ಎಂದಿದ್ದರೆ ಎಷ್ಟು ಕಾದರೂ ಆಗುವುದಿಲ್ಲ. ಮಿತಿಗಿಂತ ಹೆಚ್ಚು ಗಂಟೆ ಕೇಳಿದ್ದೀರಿ, ರದ್ದು ಮಾಡಿ ಕಡಿಮೆ ಕೇಳಿ. ದೊಡ್ಡ ಜಾಬ್‌ಗಳ ನಡುವಿನ ಸಂದಿಯಲ್ಲಿ ಸಣ್ಣದನ್ನು ತೂರಿಸುವ ಪದ್ಧತಿ ಸ್ಲರ್ಮ್‌ನಲ್ಲಿದೆ. ಹಾಗಾಗಿ 2 ಗಂಟೆ ಕೇಳಿದವನಿಗೆ 24 ಗಂಟೆ ಕೇಳಿದವನಿಗಿಂತ ಬೇಗ ಜಾಗ ಸಿಗುವುದು ಮಾಮೂಲು. ‘ಇರಲಿ’ ಅಂತ ಜಾಸ್ತಿ ಕೇಳುವ ಚಟವೇ ಅರ್ಧ ಕಾಯುವಿಕೆಗೆ ಕಾರಣ.

ಈಗಾಗಲೇ ಎಸ್‌ಬ್ಯಾಚ್‌ನಲ್ಲಿ (ಸ್ಕ್ರಿಪ್ಟ್ ಕೊಟ್ಟು ಜಾಬ್ ಕಳಿಸುವ ಆಜ್ಞೆ) ಓಡುತ್ತಿರುವ ಜಾಬಿನೊಳಗೆ ಇಣುಕಬೇಕಿದ್ದರೆ ಎಸ್‌ಎಸ್‌ಎಚ್ ಬೇಕೆಂದೇ ಇಲ್ಲ. ‘ಎಸ್‌ರನ್ --ಜಾಬ್‌ಐಡಿ=ಸಂಖ್ಯೆ --ಓವರ್‌ಲ್ಯಾಪ್ --ಪಿಟಿವೈ ಬ್ಯಾಶ್’ ಸಾಕು. ಸ್ಲರ್ಮ್ 20.11ರಿಂದ ಈಚೆ ‘ಓವರ್‌ಲ್ಯಾಪ್’ ಪದ ಬಿಟ್ಟರೆ, ಮೊದಲಿನ ಕೆಲಸ ಸಿಪಿಯು ಬಿಡುವ ತನಕ ನಿಮ್ಮ ಶೆಲ್ ತೆರೆಯದೆ ನೇತಾಡುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್‌ನಿಂದ ಲಾಗಿನ್ ನೋಡ್, ಅಲ್ಲಿಂದ ಕಂಪ್ಯೂಟ್ ನೋಡ್, ಹೀಗೆ ಎರಡೆರಡು ಸಲ ಹತ್ತಿ ಇಳಿಯುವುದು ತಪ್ಪುತ್ತದೆಯೇ? ಕಾಳಿ ಅಳಿವೆಯ ಉಪ್ಪಿನಂಶದ ಮಾಡೆಲ್ ಓಡಿಸುತ್ತೇವೆ, ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಆಗುತ್ತದೆ. ವಿಂಡೋಸ್ ಲ್ಯಾಪ್‌ಟಾಪ್. — ಸಂಶೋಧಕಿ, ಕಾರವಾರ

ಉತ್ತರ: ತಪ್ಪುತ್ತದೆ. ಓಪನ್‌ಎಸ್‌ಎಸ್‌ಎಚ್ 7.3ರಲ್ಲಿ, ಅಂದರೆ 2016ರಲ್ಲಿ, ನಡುವಿನ ಯಂತ್ರವನ್ನು ತಾನೇ ದಾಟಿಸುವ ‘ಪ್ರಾಕ್ಸಿಜಂಪ್’ ಬಂತು. ಈಗಿನ ವಿಂಡೋಸ್ 10 ಮತ್ತು 11ರಲ್ಲಿ ಎಸ್‌ಎಸ್‌ಎಚ್ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಸಿ ಡ್ರೈವ್‌ನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರಲ್ಲಿ ‘.ಎಸ್‌ಎಸ್‌ಎಚ್’ ಫೋಲ್ಡರ್, ಅದರಲ್ಲಿ ‘ಕಾನ್ಫಿಗ್’ ಎಂಬ ಫೈಲ್. ಅದರೊಳಗೆ ಇಷ್ಟು ಬರೆಯಿರಿ:

ಹೋಸ್ಟ್ ಕ್ಲಸ್ಟರ್
ಹೋಸ್ಟ್‌ನೇಮ್ (ಲಾಗಿನ್ ನೋಡ್‌ನ ಪೂರ್ತಿ ವಿಳಾಸ)
ಯೂಸರ್ (ಕ್ಲಸ್ಟರಿನಲ್ಲಿ ನಿಮ್ಮ ಹೆಸರು)
ಸರ್ವರ್‌ಅಲೈವ್‌ಇಂಟರ್ವಲ್ 60

ಹೋಸ್ಟ್ ಸಿಎನ್*
ಯೂಸರ್ (ಅದೇ ಹೆಸರು)
ಪ್ರಾಕ್ಸಿಜಂಪ್ ಕ್ಲಸ್ಟರ್

ಇಷ್ಟಾದ ಮೇಲೆ, ಜಾಬ್ ಓಡುತ್ತಿರುವಾಗ, ಲ್ಯಾಪ್‌ಟಾಪಿನಲ್ಲೇ ‘ಎಸ್‌ಎಸ್‌ಎಚ್ ಸಿಎನ್017’ ಎಂದರೆ ಸೀದಾ ಒಳಗೆ. ಸಿಎನ್017 ಎಂಬ ಹೆಸರು ಹೊರಗಿನ ಲೋಕಕ್ಕೆ ಗೊತ್ತಿಲ್ಲ, ಆದರೂ ಇದು ನಡೆಯುತ್ತದೆ. ಆ ಹೆಸರನ್ನು ಹುಡುಕುವ ಕೆಲಸ ನಡುವಿನ ಲಾಗಿನ್ ನೋಡ್ ಮಾಡುತ್ತದೆ. ‘ಕುಡ್ ನಾಟ್ ರಿಸಾಲ್ವ್ ಹೋಸ್ಟ್‌ನೇಮ್’ ಎಂದು ಬಂದರೆ ಕಾನ್ಫಿಗ್ ಫೈಲನ್ನು ಎಸ್‌ಎಸ್‌ಎಚ್ ಓದಿಯೇ ಇಲ್ಲ ಎಂದು ತಿಳಿಯಿರಿ. ವಿಂಡೋಸಿನಲ್ಲಿ ಇದಕ್ಕೆ ಕಾರಣ ಬಹುತೇಕ ನೋಟ್‌ಪ್ಯಾಡ್. ಕೇಳದೆಯೇ ಹಿಂದೆ ‘.ಟಿಎಕ್ಸ್‌ಟಿ’ ಸೇರಿಸಿಬಿಡುತ್ತದೆ, ಎಕ್ಸ್‌ಪ್ಲೋರರ್ ಅದನ್ನು ಮರೆಮಾಚುತ್ತದೆ. ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ತೋರಿಸುವಂತೆ ಮಾಡಿ, ಬಾಲ ಕತ್ತರಿಸಿ.

ಎರಡನೇ ಯೂಸರ್ ಸಾಲು ಬಿಡಬೇಡಿ. ಬಿಟ್ಟರೆ ನಡುವಿನ ಹಂತ ದಾಟಿ, ಕಂಪ್ಯೂಟ್ ನೋಡ್ ಹತ್ತಿರ ನಿಮ್ಮ ವಿಂಡೋಸ್ ಹೆಸರನ್ನು ಹೇಳಿ ‘ಪರ್ಮಿಷನ್ ಡಿನೈಡ್’ ತಿನ್ನುತ್ತೀರಿ.

ಇನ್ನು ಪಾಸ್‌ವರ್ಡ್ ಬದಲು ಬಳಸುವ ಕೀಲಿಯ ವಿಷಯ. ‘ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519’ ಹೊಡೆದರೆ ಎರಡು ಫೈಲ್ ಹುಟ್ಟುತ್ತವೆ. ‘.ಪಬ್’ ಇರುವುದು ಊರಿಗೆಲ್ಲ ಕೊಡಬಹುದಾದದ್ದು, ಇನ್ನೊಂದು ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗಬಾರದು. ಅನುಕೂಲಕ್ಕೆಂದು ಖಾಸಗಿ ಕೀಲಿಯನ್ನು ಕ್ಲಸ್ಟರಿಗೆ ಕಾಪಿ ಮಾಡಿ ಇಡುವವರಿದ್ದಾರೆ. ಪ್ರಾಕ್ಸಿಜಂಪ್‌ನಲ್ಲಿ ಎರಡೂ ಬಾಗಿಲಿಗೆ ಲ್ಯಾಪ್‌ಟಾಪೇ ಉತ್ತರ ಕೊಡುವುದರಿಂದ ಅದರ ಅಗತ್ಯವೇ ಇಲ್ಲ. ಪಬ್ ಫೈಲಿನ ಒಂದು ಸಾಲನ್ನು ಕ್ಲಸ್ಟರಿನ ‘.ಎಸ್‌ಎಸ್‌ಎಚ್/ಆಥರೈಸ್ಡ್_ಕೀಸ್’ ಕೊನೆಗೆ ಅಂಟಿಸಿ. ಹೋಮ್ ಡೈರೆಕ್ಟರಿ ಸಾಮಾನ್ಯವಾಗಿ ಎಲ್ಲ ನೋಡ್‌ಗೂ ಒಂದೇ ಆದ್ದರಿಂದ ಒಂದು ಸಲ ಅಂಟಿಸಿದರೆ ಕಂಪ್ಯೂಟ್ ನೋಡ್‌ಗೂ ಅದೇ ನಡೆಯುತ್ತದೆ. ಅಂಟಿಸುವಾಗ ಸಾಲು ಎರಡಾಗಿ ಮುರಿದರೆ ಕೀಲಿ ಸತ್ತಂತೆ. ಅನುಮತಿಯೂ ಬಿಗಿಯಾಗಿರಬೇಕು: .ಎಸ್‌ಎಸ್‌ಎಚ್ ಫೋಲ್ಡರಿಗೆ 700, ಆಥರೈಸ್ಡ್_ಕೀಸ್‌ಗೆ 600, ಹೋಮ್ ಡೈರೆಕ್ಟರಿಗೆ ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಬರೆಯುವ ಹಕ್ಕು ಇರಬಾರದು. ಗೆಳೆಯನಿಗೆ ಫೈಲ್ ಹಂಚಲೆಂದು ಹೋಮ್‌ಗೆ 777 ಹೊಡೆದರೆ ಮರುದಿನದಿಂದ ಕೀಲಿ ಕೆಲಸ ಮಾಡುವುದಿಲ್ಲ, ಮತ್ತು ಕಾರಣವನ್ನು ಸರ್ವರ್ ನಿಮಗೆ ಹೇಳುವುದೂ ಇಲ್ಲ. ಲಾಗ್‌ನಲ್ಲಿ ಬರೆದು ಸುಮ್ಮನಾಗುತ್ತದೆ.

‘ಅಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್’ ಎಂದು ಬಂದರೆ ಮಾತ್ರ ನಿಮ್ಮ ಕೈಯಲ್ಲಿ ಏನೂ ಇಲ್ಲ. ಲಾಗಿನ್ ನೋಡ್‌ನಲ್ಲಿ ಫಾರ್ವರ್ಡಿಂಗ್ ಮುಚ್ಚಿದ್ದಾರೆ, ಆಡಳಿತದವರನ್ನೇ ಕೇಳಬೇಕು.

ಪ್ರಶ್ನೆ: ಅಡಿಕೆಯ ಕೊಳೆರೋಗವನ್ನು ಫೋಟೋದಿಂದ ಗುರುತಿಸುವ ಮಾಡೆಲ್ ತಯಾರಿಸುತ್ತಿದ್ದೇವೆ. ಕಂಪ್ಯೂಟ್ ನೋಡ್‌ನಲ್ಲಿ ಜುಪಿಟರ್ (ಬ್ರೌಸರಿನಲ್ಲಿ ಕೋಡ್ ಬರೆದು ಓಡಿಸುವ ಸಾಧನ) ಶುರು ಮಾಡಿದೆ. ಅದು ‘ಲೋಕಲ್‌ಹೋಸ್ಟ್:8888’ ಎಂಬ ವಿಳಾಸ ಕೊಟ್ಟಿತು. ನನ್ನ ಬ್ರೌಸರಿನಲ್ಲಿ ಹಾಕಿದರೆ ಪುಟವೇ ಇಲ್ಲ. ಒಂದು ಸಲ ಎಸ್‌ಎಸ್‌ಎಚ್ ಸುರಂಗವನ್ನು 8888ಕ್ಕೆ ತೋಡಿ ನೋಡಿದಾಗಲಂತೂ ಇನ್ಯಾರದೋ ಪಾಸ್‌ವರ್ಡ್ ಕೇಳುವ ಪುಟ ಬಂತು! — ಎಂಜಿನಿಯರಿಂಗ್ ವಿದ್ಯಾರ್ಥಿ, ಸಿದ್ದಾಪುರ

ಉತ್ತರ: ‘ಲೋಕಲ್‌ಹೋಸ್ಟ್’ ಅಂದರೆ ‘ನಾನಿರುವ ಯಂತ್ರ’ ಎಂದು ಅರ್ಥ. ಜುಪಿಟರ್ ಹೇಳಿದ್ದು ಸಿಎನ್017ನ್ನು, ನಿಮ್ಮ ಬ್ರೌಸರ್ ತಿಳಿದದ್ದು ಲ್ಯಾಪ್‌ಟಾಪನ್ನು. ಎರಡರ ನಡುವೆ ಸುರಂಗ ಕೊರೆಯಬೇಕು.

ಮೊದಲು ಪೋರ್ಟ್ ಸಂಖ್ಯೆ, ಅಂದರೆ ವಿಳಾಸದ ಕೊನೆಯ 8888, ನೋಡೋಣ. ಒಂದೇ ನೋಡ್‌ನಲ್ಲಿ ನಾಲ್ಕು ಜನ ಜುಪಿಟರ್ ಇಟ್ಟರೆ ಎಲ್ಲರೂ ಬಯಸುವುದು 8888ನ್ನೇ. ಮೊದಲು ಬಂದವನಿಗೆ ಅದು ಸಿಗುತ್ತದೆ, ನಿಮ್ಮದು ಸದ್ದಿಲ್ಲದೆ 8889ಕ್ಕೆ ಸರಿಯುತ್ತದೆ. ನೀವು ಸುರಂಗವನ್ನು 8888ಕ್ಕೇ ತೋಡಿದ್ದೀರಿ, ಅದಕ್ಕೇ ಇನ್ಯಾರದೋ ಬಾಗಿಲು ಕಂಡದ್ದು. ನಿಮ್ಮದೇ ಒಂದು ಸಂಖ್ಯೆ ಇಟ್ಟುಕೊಳ್ಳಿ. ಸುಲಭದ ಉಪಾಯ: ‘ಐಡಿ -ಯು’ ಹೊಡೆದರೆ ಬರುವ ಸಂಖ್ಯೆಗೆ 20000 ಕೂಡಿಸಿ. 5231 ಬಂದರೆ 25231. ಆ ಸಂಖ್ಯೆ ಕ್ಲಸ್ಟರಿನಲ್ಲಿ ನಿಮ್ಮೊಬ್ಬರದ್ದೇ. ಕೂಡಿಸಿದ್ದು 65535 ದಾಟಿದರೆ ಈ ಉಪಾಯ ನಡೆಯದು, ಪೋರ್ಟ್‌ಗೆ ಅದೇ ಗರಿಷ್ಠ ಮಿತಿ. ಆಗ 20000ರ ಮೇಲಿನ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ಜಾಬಿನೊಳಗೆ: ‘ಜುಪಿಟರ್ ಲ್ಯಾಬ್ --ನೋ-ಬ್ರೌಸರ್ --ಐಪಿ=127.0.0.1 --ಪೋರ್ಟ್=25231’. ಇದನ್ನು ಎಸ್‌ಬ್ಯಾಚ್ ಸ್ಕ್ರಿಪ್ಟಿನಲ್ಲಿ ಹಾಕಿದ್ದರೆ ಟೋಕನ್ (ಪಾಸ್‌ವರ್ಡಿನಂಥ ಗುಟ್ಟಿನ ಸಾಲು) ಇರುವ ವಿಳಾಸ ‘ಸ್ಲರ್ಮ್-ಜಾಬ್‌ಸಂಖ್ಯೆ.ಔಟ್’ ಫೈಲಿನಲ್ಲಿ ಬಂದು ಬೀಳುತ್ತದೆ. ಆಮೇಲೆ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ, ಮೇಲಿನ ಉತ್ತರದ ಕಾನ್ಫಿಗ್ ಇದೆ ಎಂದಿಟ್ಟುಕೊಂಡು:

ಎಸ್‌ಎಸ್‌ಎಚ್ -ಎನ್ -ಎಲ್ 25231:ಲೋಕಲ್‌ಹೋಸ್ಟ್:25231 ಸಿಎನ್017

ಎನ್, ಎಲ್ ಎರಡೂ ದೊಡ್ಡಕ್ಷರ. ಎಂಟರ್ ಒತ್ತಿದ ಮೇಲೆ ಏನೂ ಕಾಣುವುದಿಲ್ಲ, ಕರ್ಸರ್ ಸುಮ್ಮನೆ ನಿಂತಿರುತ್ತದೆ. ಹ್ಯಾಂಗ್ ಆಯಿತೆಂದು ಕಂಟ್ರೋಲ್-ಸಿ ಒತ್ತಿ ಸುರಂಗ ಮುಚ್ಚಿಬಿಡುವವರೇ ಜಾಸ್ತಿ. ಹಾಗೇ ಬಿಟ್ಟು ಬ್ರೌಸರಿನಲ್ಲಿ ಟೋಕನ್ ಸಮೇತ ವಿಳಾಸ ಹಾಕಿ. ಇಲ್ಲಿ ನಡುವಿನ ‘ಲೋಕಲ್‌ಹೋಸ್ಟ್’ ಆಚೆ ತುದಿಯ ಯಂತ್ರದ ಕಣ್ಣಿನದು, ಅಂದರೆ ಸಿಎನ್017.

ಇಂಟರ್ನೆಟ್ಟಿನಲ್ಲಿ ಸಿಗುವ ಬಹಳಷ್ಟು ಸೂಚನೆಗಳು ‘--ಐಪಿ=0.0.0.0’ ಎಂದು ಹೇಳಿ, ಲಾಗಿನ್ ನೋಡ್ ಮೂಲಕ ‘-ಎಲ್ 25231:ಸಿಎನ್017:25231 ಕ್ಲಸ್ಟರ್’ ಎಂದು ಸುರಂಗ ತೋಡಿಸುತ್ತವೆ. ಕಂಪ್ಯೂಟ್ ನೋಡ್‌ಗೆ ಎಸ್‌ಎಸ್‌ಎಚ್ ಬಿಡದ ಕ್ಲಸ್ಟರಿನಲ್ಲಿ ಅದು ಅನುಕೂಲದ ದಾರಿ, ನಿಜ. ಆದರೆ 0.0.0.0 ಅಂದರೆ ಕ್ಲಸ್ಟರಿನೊಳಗಿನ ಯಾರು ಬೇಕಾದರೂ ನಿಮ್ಮ ಬಾಗಿಲು ತಟ್ಟಬಹುದು, ಟೋಕನ್ ಒಂದೇ ತಡೆ. ಟೋಕನ್ ರಗಳೆಯೆಂದು ಖಾಲಿ ಬಿಟ್ಟರೆ, ಜುಪಿಟರ್ ಒಳಗಿನ ಟರ್ಮಿನಲ್ ಮೂಲಕ ನಿಮ್ಮ ಎಲ್ಲ ಫೈಲೂ ಅವರ ಕೈಗೆ. 127.0.0.1 ಇಡಲು ಆಗುವಲ್ಲಿ ಅದನ್ನೇ ಇಡಿ.

ದೋಷ ಬಂದಾಗ ಯಾವ ತುದಿಯದ್ದು ಎಂದು ಸಂದೇಶವೇ ಹೇಳುತ್ತದೆ. ‘ಬೈಂಡ್: ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಇದು ಈಚೆ ತುದಿಯದು. ನಿನ್ನೆಯ ಸುರಂಗ ಇನ್ನೂ ಲ್ಯಾಪ್‌ಟಾಪಿನಲ್ಲಿ ಜೀವಂತ ಇದೆ, ಆ ಟರ್ಮಿನಲ್ ಮುಚ್ಚಿ. ‘ಓಪನ್ ಫೇಲ್ಡ್: ಕನೆಕ್ಟ್ ಫೇಲ್ಡ್: ಕನೆಕ್ಷನ್ ರೆಫ್ಯೂಸ್ಡ್’ ಇದು ಆಚೆಯದು. ಸುರಂಗ ಸರಿ ಇದೆ, ಆ ಪೋರ್ಟಿನಲ್ಲಿ ಜುಪಿಟರ್ ಇಲ್ಲ. ಒಂದೋ ಇನ್ನೂ ಎದ್ದಿಲ್ಲ, ಇಲ್ಲವೇ ಬೇರೆ ಪೋರ್ಟಿಗೆ ಸರಿದಿದೆ.

ಮುಗಿದ ಮೇಲೆ ‘ಎಸ್‌ಕ್ಯಾನ್ಸಲ್ ಜಾಬ್‌ಸಂಖ್ಯೆ’. ಬ್ರೌಸರ್ ಮುಚ್ಚಿದರೆ ನೋಡ್ ಬಿಟ್ಟುಕೊಟ್ಟಂತಲ್ಲ, ಲೆಕ್ಕ ನಿಮ್ಮ ಖಾತೆಗೆ ಬೀಳುತ್ತಲೇ ಇರುತ್ತದೆ.

ಪ್ರಶ್ನೆ: ನನ್ನ ಜಾಬ್ ಓಡುತ್ತಿರುವ ನೋಡ್‌ಗೆ ಎಸ್‌ಎಸ್‌ಎಚ್ ಮಾಡಿ, ಜಿಪಿಯು ಸ್ಥಿತಿ ತೋರಿಸುವ ‘ಎನ್‌ವಿಡಿಯಾ-ಎಸ್‌ಎಂಐ’ ಹೊಡೆದರೆ ‘ನೋ ಡಿವೈಸಸ್ ವರ್ ಫೌಂಡ್’. ಜಿಪಿಯು ಇರುವ ನೋಡ್ ಎಂದು ಪಟ್ಟಿಯಲ್ಲಿದೆ. — ಕುಮಟಾ

ಉತ್ತರ: ನೋಡ್‌ನಲ್ಲಿದೆ, ನಿಮ್ಮ ಜಾಬಿನಲ್ಲಿ ಇಲ್ಲ. ಕೇಳಿದವರಿಗೆ ಮಾತ್ರ ಜಿಪಿಯು ಕಾಣುವಂತೆ ಬಹಳ ಕ್ಲಸ್ಟರಿನಲ್ಲಿ ಕಟ್ಟಿರುತ್ತಾರೆ. ಎಸ್‌ರನ್ ಸಾಲಿಗೆ ‘--ಜಿಆರ್‌ಇಎಸ್=ಜಿಪಿಯು:1’ ಸೇರಿಸಿ. ಜಿಪಿಯು ಪಾರ್ಟಿಷನ್ ಬೇರೆಯೇ ಇದ್ದರೆ ಅದರ ಹೆಸರೂ ಬೇಕು. ಇನ್ನೊಂದು ಮಾತು: ಎಸ್‌ಎಸ್‌ಎಚ್ ಮೂಲಕ ಒಳಗೆ ಬಂದಾಗ ಜಾಬಿನ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ನಿಮ್ಮ ಜೊತೆ ಬರುವುದಿಲ್ಲ. ‘ಮಾಡ್ಯೂಲ್ ಲೋಡ್’, ಕಾಂಡಾ ಎಲ್ಲ ಹೊಸದಾಗಿ ಹೊಡೆಯಬೇಕು. ಎಸ್‌ರನ್ ಓವರ್‌ಲ್ಯಾಪ್ ಮೂಲಕ ಹೋದರೆ ಸ್ಲರ್ಮ್ ಇಟ್ಟ ವೇರಿಯಬಲ್‌ಗಳಾದರೂ ಸಿಗುತ್ತವೆ. ಒಂದೇ ನೋಡ್‌ನಲ್ಲಿ ನಿಮ್ಮ ಎರಡು ಜಾಬ್ ಇದ್ದರೆ ಎಸ್‌ಎಸ್‌ಎಚ್ ಸಾಮಾನ್ಯವಾಗಿ ಹೊಸತಕ್ಕೆ ಸೇರಿಕೊಳ್ಳುತ್ತದೆ, ಜಿಪಿಯು ಹಳೆಯದರಲ್ಲಿದ್ದರೆ ಆಗಲೂ ಇದೇ ಸಂದೇಶ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ವೈಫೈಯೂ ಹೋಯಿತು. ಮೂರು ತಾಸು ಓಡಿದ ಕೆಲಸ ಪ್ರತಿ ಸಲ ಸತ್ತುಹೋಗುತ್ತದೆ. ಯುಪಿಎಸ್ ತೆಗೆದುಕೊಂಡರೆ ಸರಿಹೋದೀತೇ? — ಯಲ್ಲಾಪುರ

ಉತ್ತರ: ಯುಪಿಎಸ್ ರೂಟರನ್ನು ಉಳಿಸೀತು, ಲೈನ್ ಮೇಲೆ ಮರ ಬಿದ್ದರೆ ಅದೇನು ಮಾಡುತ್ತದೆ? ಕೆಲಸ ನಿಮ್ಮ ಮನೆಯ ವೈಫೈಗೆ ಕಟ್ಟಿಕೊಂಡಿರುವುದೇ ತೊಂದರೆ. ಸಂಪರ್ಕ ತುಂಡಾದಾಗ ಲಾಗಿನ್ ನೋಡ್‌ನ ಶೆಲ್ ಸಾಯುತ್ತದೆ, ಅದರ ಜೊತೆ ಎಸ್‌ರನ್, ಅದರ ಜೊತೆ ಜಾಬ್.

ನೋಡುತ್ತಾ ಕೂರಬೇಕಿಲ್ಲದ ಕೆಲಸವನ್ನೆಲ್ಲ ಎಸ್‌ಬ್ಯಾಚ್‌ಗೆ ಹಾಕಿ. ಒಮ್ಮೆ ಕಳಿಸಿದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಇದ್ದರೂ ಇಲ್ಲದಿದ್ದರೂ ಅದು ಓಡುತ್ತದೆ. ಎದುರು ಕೂತೇ ಮಾಡಬೇಕಾದದ್ದಕ್ಕೆ ಟಿಮಕ್ಸ್, ಅಂದರೆ ಸಂಪರ್ಕ ಕಡಿದರೂ ಶೆಲ್ಲನ್ನು ಜೀವಂತ ಇಡುವ ಪ್ರೋಗ್ರಾಮ್. ಕ್ರಮ ಮುಖ್ಯ: ಮೊದಲು ಲಾಗಿನ್ ನೋಡ್‌ನಲ್ಲಿ ‘ಟಿಮಕ್ಸ್ ನ್ಯೂ -ಎಸ್ ಕೆಲಸ’ (ಕೊನೆಯ ಪದದ ಜಾಗದಲ್ಲಿ ಇಂಗ್ಲಿಷಿನಲ್ಲಿ ಯಾವುದಾದರೂ ಹೆಸರು), ಅದರೊಳಗೆ ಎಸ್‌ರನ್. ಲೈನ್ ಹೋಗಿ ಬಂದ ಮೇಲೆ ಲಾಗಿನ್ ಆಗಿ ‘ಟಿಮಕ್ಸ್ ಅಟ್ಯಾಚ್ -ಟಿ ಕೆಲಸ’ ಎಂದರೆ ಬಿಟ್ಟ ಸಾಲಿನಿಂದಲೇ ಮುಂದುವರಿಯುತ್ತದೆ. ‘ನೋ ಸೆಷನ್ಸ್’ ಎಂದರೆ ಗಾಬರಿ ಬೇಡ. ದೊಡ್ಡ ಕ್ಲಸ್ಟರಿಗೆ ಎರಡು ಮೂರು ಲಾಗಿನ್ ನೋಡ್ ಇರುತ್ತವೆ, ಒಂದೇ ವಿಳಾಸ ಒಮ್ಮೆ ಒಂದಕ್ಕೆ, ಇನ್ನೊಮ್ಮೆ ಇನ್ನೊಂದಕ್ಕೆ ಕಳಿಸುತ್ತದೆ. ಟಿಮಕ್ಸ್ ಹುಟ್ಟಿದ ನೋಡ್‌ನಲ್ಲೇ ಇರುತ್ತದೆ. ಅದಕ್ಕೇ ಶುರು ಮಾಡುವ ಮುಂಚೆ ಹೋಸ್ಟ್‌ನೇಮ್ ಬರೆದಿಟ್ಟುಕೊಳ್ಳಿ, ಅಲ್ಲಿಂದ ಆ ಹೆಸರಿಗೆ ಎಸ್‌ಎಸ್‌ಎಚ್ ಮಾಡಿದರೆ ಸಿಗುತ್ತದೆ.

ಪರದೆ ಕಲ್ಲಾಗಿ ನಿಂತರೆ ಕಿಟಕಿ ಮುಚ್ಚಬೇಕಿಲ್ಲ. ಎಂಟರ್, ಆಮೇಲೆ ಟಿಲ್ಡೆ, ಆಮೇಲೆ ಚುಕ್ಕಿ. ಸತ್ತ ಸಂಪರ್ಕ ಕಳಚಿಕೊಳ್ಳುತ್ತದೆ. ಕಾನ್ಫಿಗ್‌ನಲ್ಲಿ ಹಾಕಿದ ಸರ್ವರ್‌ಅಲೈವ್‌ಇಂಟರ್ವಲ್ 60 ಇದ್ದರೆ, ಮೂರು ಸಲ ಉತ್ತರ ಬಾರದಿದ್ದಾಗ, ಅಂದರೆ ಸುಮಾರು 3 ನಿಮಿಷಕ್ಕೆ, ತಾನಾಗಿ ಬಿಡುತ್ತದೆ.

ಪ್ರಶ್ನೆ: ವಿಎಸ್ ಕೋಡ್ ಎಡಿಟರ್‌ನಿಂದ ಲಾಗಿನ್ ನೋಡ್‌ಗೆ ಸೇರಿಕೊಂಡರೆ ಸ್ವಲ್ಪ ಹೊತ್ತಿಗೆ ಕಡಿದುಹೋಗುತ್ತದೆ, ಎಚ್ಚರಿಕೆಯ ಇಮೇಲ್ ಕೂಡ ಬಂತು. — ಹೊನ್ನಾವರ

ಉತ್ತರ: ಬರಲೇಬೇಕು. ವಿಎಸ್ ಕೋಡ್ ಆಚೆ ಕಡೆ ತನ್ನದೊಂದು ಸರ್ವರ್ ನೆಡುತ್ತದೆ, ಫೋಲ್ಡರಿನ ಪ್ರತಿ ಫೈಲಿನ ಮೇಲೂ ಕಣ್ಣಿಡುತ್ತದೆ. ಲಕ್ಷ ಫೋಟೋ ಇರುವ ಫೋಲ್ಡರ್ ತೆರೆದರೆ ಅದೊಂದೇ ಸಾಕು ಲಾಗಿನ್ ನೋಡ್ ನರಳಲು. ಮೊದಲು ಜಾಬ್ ತೆಗೆದುಕೊಂಡು, ರಿಮೋಟ್-ಎಸ್‌ಎಸ್‌ಎಚ್‌ನಲ್ಲಿ ‘ಕ್ಲಸ್ಟರ್’ ಬದಲು ‘ಸಿಎನ್017’ ಆರಿಸಿ. ಕಾನ್ಫಿಗ್ ಫೈಲನ್ನು ಅದೂ ಓದುತ್ತದೆ. ಕೋಡ್ ಇರುವ ಫೋಲ್ಡರ್ ಮಾತ್ರ ತೆರೆಯಿರಿ, ಡೇಟಾ ಇರುವುದಲ್ಲ. ಹೋಮ್ ಕೋಟಾ ತುಂಬಿದರೂ ಇದು ಕಾರಣ ಹೇಳದೆ ಕಡಿದುಕೊಳ್ಳುತ್ತದೆ, ‘.ವಿಎಸ್‌ಕೋಡ್-ಸರ್ವರ್’ ಫೋಲ್ಡರಿನ ಗಾತ್ರ ನೋಡಿ.

ಪ್ರಶ್ನೆ: ‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಷನ್ ಹ್ಯಾಸ್ ಚೇಂಜ್ಡ್’ ಎಂದು ದೊಡ್ಡ ಎಚ್ಚರಿಕೆ. ಹೆದರಬೇಕೇ? — ಅಂಕೋಲಾ

ಉತ್ತರ: ಸಿಎನ್017ರಂಥ ಕಂಪ್ಯೂಟ್ ನೋಡ್‌ಗೆ ಬಂದರೆ, ದುರಸ್ತಿಯಲ್ಲಿ ಅದನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿರುವ ಸಂಭವವೇ ಹೆಚ್ಚು. ‘ಎಸ್‌ಎಸ್‌ಎಚ್-ಕೀಜೆನ್ -ಆರ್ ಸಿಎನ್017’ (ಆರ್ ದೊಡ್ಡದು) ಹೊಡೆದು ಹಳೆಯ ಗುರುತು ತೆಗೆಯಿರಿ. ಲಾಗಿನ್ ನೋಡ್‌ಗೇ ಬಂದರೆ ಹಾಗೆ ಅಳಿಸಬೇಡಿ. ಅದು ಹೊರಲೋಕಕ್ಕೆ ತೆರೆದ ಬಾಗಿಲು. ಆಡಳಿತದವರಿಂದ ಹೊಸ ಬೆರಳಚ್ಚು ಕೇಳಿ, ಹೋಲಿಸಿ, ಆಮೇಲೆ ಮುಂದುವರಿಯಿರಿ.

ಪ್ರಶ್ನೆ: ಕಂಪ್ಯೂಟ್ ನೋಡ್‌ನಲ್ಲಿ ‘ಪಿಪ್ ಇನ್‌ಸ್ಟಾಲ್’ ಮಾಡಿದರೆ ನಿಂತೇಬಿಡುತ್ತದೆ. ಮತ್ತೆ 30 ಜಿಬಿ ಡೇಟಾ ಮನೆಯಿಂದ ಕಳಿಸಬೇಕು, ಅಪ್‌ಲೋಡ್ 10 ಎಂಬಿಪಿಎಸ್. — ಭಟ್ಕಳ

ಉತ್ತರ: ಒಳಮನೆಗೆ ಹಿತ್ತಲ ಬಾಗಿಲಿಲ್ಲ, ಹಲವು ಕ್ಲಸ್ಟರಿನಲ್ಲಿ ಕಂಪ್ಯೂಟ್ ನೋಡ್‌ಗೆ ಇಂಟರ್ನೆಟ್ ಇರುವುದಿಲ್ಲ. ಪ್ಯಾಕೇಜನ್ನು ಲಾಗಿನ್ ನೋಡ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಹೋಮ್ ಒಂದೇ ಆದ್ದರಿಂದ ಒಳಗೂ ಸಿಗುತ್ತದೆ.

ಡೇಟಾ ಲೆಕ್ಕ: 30 ಜಿಬಿ ಅಂದರೆ 2,40,000 ಮೆಗಾಬಿಟ್, 10ರಂತೆ 24,000 ಸೆಕೆಂಡು, ಅಂದರೆ 6 ಗಂಟೆ 40 ನಿಮಿಷ. ಅದೂ ಲೈನ್ ಪೂರ್ತಿ ವೇಗ ಕೊಟ್ಟರೆ. ಎಸ್‌ಸಿಪಿ ನಡುವೆ ಕಡಿದರೆ ಆ ಫೈಲನ್ನು ಮೊದಲಿಂದ ಕಳಿಸಬೇಕು, ಆದ್ದರಿಂದ ‘ಆರ್‌ಸಿಂಕ್ -ಎವಿಪಿ’ ಬಳಸಿ (ಎ, ವಿ ಸಣ್ಣ, ಪಿ ದೊಡ್ಡ), ಅದೇ ಆಜ್ಞೆ ಮತ್ತೆ ಹೊಡೆದರೆ ಉಳಿದದ್ದು ಮಾತ್ರ ಹೋಗುತ್ತದೆ. ವಿಂಡೋಸಿನಲ್ಲಿ ಆರ್‌ಸಿಂಕ್ ಇಲ್ಲ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ಸಿಗುತ್ತದೆ. ಸಣ್ಣ ಸಣ್ಣ ಫೋಟೋ ಸಾವಿರಾರು ಇದ್ದರೆ ಒಂದೊಂದು ಜಿಬಿಯ ಟಾರ್ ಕಟ್ಟುಗಳನ್ನು ಮಾಡಿ ಕಳಿಸಿ. ಬಿಚ್ಚುವ ಕೆಲಸವನ್ನು ಲಾಗಿನ್ ನೋಡ್‌ನಲ್ಲಲ್ಲ, ಜಾಬಿನೊಳಗೆ ಮಾಡಿ.